ಅಜ್ಜಿ ಕೈ ಮಡಚುವ ಹೊತ್ತು

ತರ್ಕಶಾಸ್ತ್ರವನ್ನು ನಾನು ಆರಿಸಿಕೊಂಡದ್ದಲ್ಲ. ಅರಸೀಕೆರೆಯ ಕಾಲೇಜಿಗೆ ಪಿ.ಯು.ಸಿ. ಸೇರಲು ಅಪ್ಪನ ಜೊತೆ ಹೋದ ದಿನ, ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇತಿಹಾಸ, ಅರ್ಥಶಾಸ್ತ್ರ ಸರಿ. ಮೂರನೇದಕ್ಕೆ ಭೂಗೋಳ ಭರ್ತಿಯಾಗಿದೆ. ಲಾಜಿಕ್ ಇದೆ, ಬರ್ಕೊಳ್ಳಾ?" ಎಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಗುಮಾಸ್ತರ ಮುಖ ನೋಡಿದೆ. ಅಷ್ಟರಲ್ಲಿ ಅವರು ಬರೆದುಬಿಟ್ಟಿದ್ದರು.

ಬಸ್ಸಿನಲ್ಲಿ ವಾಪಸು ಬರುವಾಗ ಜಾವಗಲ್ ದಾಟಿದ ಮೇಲೆ ಅಪ್ಪ ಕೇಳಿದರು, "ಲಾಜಿಕ್ ಅಂದ್ರೆ ಏನಮ್ಮ?"

"ತರ್ಕಶಾಸ್ತ್ರ."

"ಅಂದ್ರೆ ವಾದ ಮಾಡೋದು?"

"ಇರಬೇಕು."

"ಅದನ್ನ ನಿಮ್ಮಮ್ಮ ಮನೇಲೇ ಪುಕ್ಕಟೆ ಕಲಿಸ್ತಾಳಲ್ಲ" ಎಂದು ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಅವರು ತಮಾಷೆ ಮಾಡಿದಾಗ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು, ನಗು ಕಾಣಬಾರದೆಂದು.

ನಮ್ಮ ಮನೆ ಹಳೇಬೀಡಿನಲ್ಲಿ, ಬಸದಿಗಳಿಗೆ ಹೋಗುವ ದಾರಿಯಲ್ಲಿತ್ತು. ಅಪ್ಪನಿಗೆ ಒಂದು ದಿನಸಿ ಅಂಗಡಿ, ಸ್ವಲ್ಪ ಜಮೀನು. ಮನೆಯಲ್ಲಿ ಇದ್ದವರು ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಹತ್ತನೆಯ ತರಗತಿಯ ಆಚೆಗೆ ಹೋದವಳು ನಾನೇ ಮೊದಲು. ಅದು ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಬೇಕು. ಸಂಜೆ ನಾಲ್ಕು ಗಂಟೆಗೆ ಅರಸೀಕೆರೆ ಬಿಟ್ಟ ಬಸ್ಸು ಬಾಣಾವರ, ಜಾವಗಲ್ ಹಾದು ಆರಕ್ಕೆ ಹತ್ತು ನಿಮಿಷ ಇರುವಾಗ ಹಳೇಬೀಡಿಗೆ ಬರುತ್ತಿತ್ತು. ಆ ಹತ್ತು ನಿಮಿಷದ ಮೇಲೆ ನನ್ನ ಓದು ನಿಂತಿತ್ತು. ಅದು ಹೇಗೆಂದು ಹೇಳಬೇಕಾದರೆ ಅಜ್ಜಿಯ ಅಂಗೈಯ ವಿಷಯ ಹೇಳಬೇಕು.

ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕತ್ತಲಲ್ಲಿ ಅನ್ನದೊಳಗಿನ ಹುಳುಹುಪ್ಪಟೆ ಕಣ್ಣಿಗೆ ಬೀಳುವುದಿಲ್ಲ. ತಿಳಿಯದೆ ಒಂದು ಜೀವ ಹೋದೀತು ಎಂಬುದು ಕಾರಣ. ಆದರೆ ಹೊತ್ತು ಮುಳುಗಿತೆಂದು ಯಾರು ತೀರ್ಮಾನಿಸಬೇಕು? ಮನೆಯಲ್ಲಿ ಗಡಿಯಾರವಿತ್ತು. ಅಜ್ಜಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸಂಜೆಯಾದ ಮೇಲೆ ಜಗಲಿಯ ಮೂಲೆಯಲ್ಲಿ ಕೂತು ಬಲಗೈಯನ್ನು ಮಡಿಲ ಮೇಲೆ ಬಿಚ್ಚಿಟ್ಟುಕೊಳ್ಳುತ್ತಿದ್ದರು. ಅಂಗೈಯ ಗೆರೆಗಳು ಕಾಣುವವರೆಗೆ ಹಗಲು. ಕಾಣದೆ ಹೋದ ಕ್ಷಣ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, "ಆಯ್ತು" ಎನ್ನುತ್ತಿದ್ದರು. ಆಮೇಲೆ ಅವರ ಬಾಯಿಗೆ ನೀರೂ ಇಲ್ಲ, ಮಾರನೆಯ ಬೆಳಗಿನವರೆಗೆ.

ಅಪ್ಪ, ಅಮ್ಮ ಐದು ಗಂಟೆಗೇ ಉಂಡುಬಿಡುತ್ತಿದ್ದರು. ಅಪ್ಪ ಮತ್ತೆ ಅಂಗಡಿಗೆ ಹೋಗಬೇಕಿತ್ತು. ಅಜ್ಜಿ ಮಾತ್ರ ನನಗಾಗಿ ಕಾಯುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಹಾಗಾಗಿ ಕಾಲೇಜು ಶುರುವಾಗುವ ಹಿಂದಿನ ದಿನ ಅಪ್ಪ ಒಂದು ಮಾತು ಹೇಳಿದರು.

"ನೋಡು, ನಿಮ್ಮಜ್ಜಿ ಕೈ ಮಡಚಿದ ಮೇಲೆ ನೀನು ಮನೆಗೆ ಬಂದ್ರೆ, ಮಾರನೇ ದಿನದಿಂದ ಕಾಲೇಜಿಲ್ಲ. ಈ ವಯಸ್ಸಲ್ಲಿ ಅವರನ್ನ ಉಪವಾಸ ಕೆಡವಿ ನೀನು ಓದೋದು ಬೇಡ."

ನಾನು ಆಗಲಿ ಎಂದೆ. ನ್ಯಾಯವಾದ ಮಾತು ಅನ್ನಿಸಿತ್ತು.

ತರ್ಕಶಾಸ್ತ್ರದ ಮೇಷ್ಟ್ರು ದಿನಾ ತಿಪಟೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಬೇಸಗೆಯಲ್ಲೂ ಕಪ್ಪು ಕೋಟು ಹಾಕುತ್ತಿದ್ದರು. ಅದರ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಸೀಮೆಸುಣ್ಣ. ಮೊದಲ ದಿನ ಪುಸ್ತಕದಲ್ಲಿದ್ದ ಉದಾಹರಣೆಯನ್ನೇ ಬೋರ್ಡಿನ ಮೇಲೆ ಬರೆದರು. ಮನುಷ್ಯರೆಲ್ಲರೂ ಸಾಯುವವರು, ಇವನು ಮನುಷ್ಯ, ಆದ್ದರಿಂದ ಇವನು ಸಾಯುವವನು. ಮೊದಲ ಎರಡು ಆಧಾರವಾಕ್ಯ, ಮೂರನೆಯದು ತೀರ್ಮಾನ. ಎರಡನೆಯ ದಿನವೂ ಅದನ್ನೇ ಬರೆದಾಗ ಹಿಂದಿನ ಬೆಂಚಿನಿಂದ ಗಂಡಸಿ ಎಂಬ ಊರಿನ ಹುಡುಗನೊಬ್ಬ, "ಸಾ, ದಿನಾ ಯಾರನ್ನಾದ್ರೂ ಸಾಯಿಸ್ತೀರಲ್ಲ ಸಾ, ಇವತ್ತೊಂದು ದಿನ ಬದುಕಿಸ್ಬುಡಿ" ಎಂದ. ತರಗತಿ ನಕ್ಕಿತು. ಮೇಷ್ಟ್ರು ಬೋರ್ಡು ಒರೆಸಿದರು.

"ಸರಿ. ನಿಮ್ಮೂರಲ್ಲಿ ತೆಂಗು ಐತಲ್ಲ?"

"ಅದೊಂದೇ ಇರೋದು ಸಾ."

"ತೆಂಗಿನಕಾಯಿಗೆಲ್ಲ ಮೂರು ಕಣ್ಣು. ಹೌದೋ ಅಲ್ವೋ?"

"ಹೌದು ಸಾ."

"ಶಿವನಿಗೂ ಮೂರು ಕಣ್ಣು. ಆದ್ದರಿಂದ?"

ಗಂಡಸಿಯ ಹುಡುಗ ಮೆಲ್ಲಗೆ, "ಸಾ, ಶಿವನ್ನ ತೆಂಗಿನಕಾಯಿ ಮಾಡ್ಬುಟ್ರೆ ನಮ್ಮಪ್ಪ ನನ್ನ ಮನೆಗೆ ಸೇರ್ಸಲ್ಲ" ಎಂದ.

"ಆಗಲ್ಲ ಅಂತ ನಿನಗೆ ಗೊತ್ತು. ಯಾಕೆ ಆಗಲ್ಲ ಅಂತ ಹೇಳು. ಎರಡು ವಾಕ್ಯವೂ ನಿಜ. ತೀರ್ಮಾನ ಯಾಕೆ ಸುಳ್ಳು?"

ಗಂಟೆ ಹೊಡೆಯಿತು. ಯಾರಿಗೂ ಹೇಳಲಾಗಲಿಲ್ಲ, ನನಗೂ. ಆದರೆ ಆ ಸಂಜೆ ಬಸ್ಸಿನ ತುಂಬ ನಾನು ಅದನ್ನೇ ಯೋಚಿಸುತ್ತಾ ಬಂದೆ. ಅಲ್ಲಿಯವರೆಗೆ ನನಗೆ ಮಾತೆಂದರೆ ಒಂದೋ ನಿಜ, ಇಲ್ಲವೇ ಸುಳ್ಳು. ನಿಜವಾದ ಎರಡು ಮಾತುಗಳ ನಡುವೆ ದಾರಿಯೊಂದು ಇರುತ್ತದೆ, ಆ ದಾರಿ ಕೆಟ್ಟಿರಬಹುದು ಎಂದು ಯಾರೂ ಹೇಳಿರಲಿಲ್ಲ. ಯಂತ್ರದ ಮುಚ್ಚಳ ತೆಗೆದು ಒಳಗಿನ ಹಲ್ಲುಚಕ್ರಗಳನ್ನು ತೋರಿಸಿದ ಹಾಗಿತ್ತು. ಗುಮಾಸ್ತರು ತಪ್ಪಿ ನನಗೆ ಒಳ್ಳೆಯದನ್ನೇ ಬರೆದುಕೊಂಡಿದ್ದಾರೆ ಅನ್ನಿಸಿತು.

ಆಮೇಲೆ ನನಗೆ ಎಲ್ಲರ ಮಾತನ್ನೂ ಬಿಡಿಸಿ ನೋಡುವ ಚಟ ಹತ್ತಿತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಮನಸ್ಸಿನಲ್ಲೇ ಬೋರ್ಡು ಬರೆದು ಒರೆಸುತ್ತಿದ್ದೆ. ಸಂಜೆ ಬಸ್ಸಿನ ಕಂಡಕ್ಟರು, "ಜಾವಗಲ್ಲಲ್ಲಿ ಡ್ರೈವರಣ್ಣ ಟೀ ಕುಡುದ್ರೆ ಲೇಟಾಯ್ತದೆ ಕಣ್ರವ್ವ" ಎನ್ನುತ್ತಿದ್ದ. ಒಂದು ದಿನ ಬಸ್ಸು ದಾರಿಯಲ್ಲಿ ನಿಂತಾಗ ಪಕ್ಕದ ಹೆಂಗಸು, "ಓ, ಇವತ್ತೂ ಟೀ ಕುಡಿಯೋಕೆ ಹೋಗವ್ನೆ" ಎಂದರು. ಡ್ರೈವರು ಮುಂದೆಯೇ ಕೂತಿದ್ದ. ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ನಾನು ಪುಸ್ತಕದಲ್ಲಿ ಮುಖವಿಟ್ಟು ನಕ್ಕೆ.

ಯಾಕೆಂದರೆ ಅದೇ ವಾರ ಮೇಷ್ಟ್ರು ಆ ಪಾಠ ಮಾಡಿದ್ದರು. ನಮ್ಮ ತರಗತಿಯ ಕಿಟಕಿಗೆ ರೈಲಿನ ಸದ್ದು ಕೇಳುತ್ತಿತ್ತು. "ಕೆಂಪು ಸಿಗ್ನಲ್ ಬಿದ್ದರೆ ರೈಲು ನಿಲ್ಲುತ್ತೆ. ರೈಲು ನಿಂತಿದೆ. ಆದ್ದರಿಂದ ಕೆಂಪು ಸಿಗ್ನಲ್ ಬಿದ್ದಿದೆ. ಸರಿಯಾ?" ಎಂದು ಕೇಳಿದರು. ಎಲ್ಲರೂ ಸರಿ ಎಂದೆವು. "ನಾನು ಬೆಳಿಗ್ಗೆ ಮುಕ್ಕಾಲು ಗಂಟೆ ನಿಂತ ರೈಲಲ್ಲಿ ಕೂತಿದ್ದೆ. ಸಿಗ್ನಲ್ ಹಸಿರಿತ್ತು. ಹಳಿ ಮೇಲೆ ಎಮ್ಮೆ ಮಲಗಿತ್ತು. ರೈಲು ನಿಲ್ಲೋಕೆ ಒಂದೇ ಕಾರಣ ಅಂತ ನಿಮಗೆ ಯಾರು ಹೇಳಿದ್ದು?"

ನಾನು ಊರಿನ ಹೆಸರು ಹೇಳಿದಾಗ ಒಮ್ಮೆ ಅವರು, "ಹಳೇಬೀಡಿನ ಜೈನರ ಮನೆಯವಳಾ? ನಿಮ್ಮವರು ತರ್ಕದಲ್ಲಿ ಬಹಳ ದೊಡ್ಡವರಮ್ಮ" ಎಂದಿದ್ದರು. ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಅಂಥ ದೊಡ್ಡ ಮಾತು ಯಾರೂ ಆಡಿದ್ದು ನೆನಪಿರಲಿಲ್ಲ. ನಮ್ಮಲ್ಲಿದ್ದದ್ದು ಅಜ್ಜಿಯ ಅಂಗೈ.

ಮೊದಲ ವರ್ಷ ಒಂದು ದಿನವೂ ತಪ್ಪಲಿಲ್ಲ. ಮಾರ್ಗಶಿರದ ಗಿಡ್ಡ ಹಗಲಿನಲ್ಲೂ ಬಸ್ಸಿನಿಂದಿಳಿದು ಬಿರಬಿರನೆ ನಡೆದು ಜಗಲಿ ಹತ್ತುವಾಗ ಅಜ್ಜಿಯ ಕೈ ಬಿಚ್ಚಿಯೇ ಇರುತ್ತಿತ್ತು. "ಬಂದ್ಯಾ? ಗೆರೆ ಇನ್ನೂ ಐತೆ, ಕೈಕಾಲು ತೊಳಿ" ಎನ್ನುತ್ತಿದ್ದರು. ಇಬ್ಬರೂ ಅಡಿಗೆಮನೆಯಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದೆವು.

ಎರಡನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಒಂದು ಸಂಜೆ ನಾನು ಜಗಲಿ ಹತ್ತಿದಾಗ ಅಜ್ಜಿಯ ಕೈ ಮಡಚಿತ್ತು.

"ಅಜ್ಜಿ, ಇನ್ನೂ ಬೆಳಕಿದೆಯಲ್ಲ?"

"ಇಲ್ಲ ಕಣೇ. ಆಯ್ತು. ಈ ವರ್ಷ ಬೇಗ ಮಬ್ಬಾಗುತ್ತೆ. ಏನೋ ಮಂಜು."

ಬೀದಿಯಲ್ಲಿ ಎದುರುಮನೆಯ ಹೆಂಗಸು ರಾಗಿ ಕೇರುತ್ತಿದ್ದರು. ಅವರ ಮೊರದ ಹೆಣಿಗೆ ಸಹ ನನಗೆ ಕಾಣುತ್ತಿತ್ತು. ಆದರೆ ಅಜ್ಜಿಯ ಮಾತಿಗೆ ಎದುರು ಮಾತಿರಲಿಲ್ಲ. ಅಪ್ಪ ಬಂದು ವಿಷಯ ತಿಳಿದು, "ಮೊದಲನೇ ಸಲ ಅಂತ ಬಿಟ್ಟಿದ್ದೀನಿ" ಎಂದರು. ಮೂರು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅಂದು ಅಪ್ಪ ಅಂಗಡಿಯ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು, "ಅವರು ಈ ವಾರ ಎರಡು ಸಂಜೆ ಉಂಡಿಲ್ಲ. ಮೂರನೇ ಸಲ ನಾನು ಮಾತಾಡೋದಿಲ್ಲ. ನೀನೇ ಪುಸ್ತಕ ಕಟ್ಟಿಡು."

ಅಮ್ಮ ಬೇರೆ ದಾರಿ ಹಿಡಿದಳು. "ಬಸ್ ಸ್ಟ್ಯಾಂಡಿಂದ ಇಲ್ಲಿಗೆ ಎಷ್ಟು ದೂರ? ಯಾರ ಜೊತೆ ಮಾತಾಡ್ತಾ ನಿಂತಿದ್ದೆ?"

"ಯಾರ ಜೊತೆಗೂ ಇಲ್ಲ. ಬಸ್ ಸರಿಯಾದ ಹೊತ್ತಿಗೇ ಬಂತು."

"ಹಾಗಾದ್ರೆ ಅತ್ತೆ ಸುಳ್ಳು ಹೇಳ್ತಾರಾ?" ಎಂದಳು. ಆಮೇಲೆ ಅವಳೇ ದನಿ ತಗ್ಗಿಸಿ, "ಅವರಿಗೆ ವ್ರತ ಹೆಚ್ಚಾಗ್ತಿದೆ ಕಣೇ. ವ್ರತ ಬಿಗಿಯಾದ್ರೆ ಹಾಗೇ, ಬೇಗ ಬೇಗ ಕೈ ಮಡಚ್ತಾರೆ" ಎಂದಳು. ಬಸದಿಗೆ ಬರುವ ಹೆಂಗಸರೂ ಹಾಗೇ ಹೇಳುತ್ತಿದ್ದರಂತೆ. ಒಬ್ಬರು ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದ್ದರು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಇದೊಂದು ಬಿಡಿಸಲಾಗದ ಲೆಕ್ಕದಂತೆ ಕಾಡಿತು. ಹಗಲು ದಿನದಿನಕ್ಕೆ ಉದ್ದವಾಗುತ್ತಿದೆ. ಬಸ್ಸು ಅದೇ ಹೊತ್ತಿಗೆ ಬರುತ್ತಿದೆ. ಆದರೂ ಅಜ್ಜಿಯ ಸಂಜೆ ಹಿಂದಕ್ಕೆ ಸರಿಯುತ್ತಿದೆ. ಸದ್ಯಕ್ಕೆ ತೋಚಿದ್ದು ಒಂದೇ ಉಪಾಯ: ಮೂರು ಗಂಟೆಯ ಬಸ್ಸು ಹಿಡಿಯುವುದು. ಹಾಗೆ ಮಾಡಿದರೆ ಕೊನೆಯ ಪಿರಿಯಡ್ ಹೋಗುತ್ತಿತ್ತು. ವಾರದಲ್ಲಿ ಮೂರು ದಿನ ಕೊನೆಯ ಪಿರಿಯಡ್ ತರ್ಕಶಾಸ್ತ್ರವೇ. ಕಾಲೇಜು ಉಳಿಸಿಕೊಳ್ಳಲು ಕಾಲೇಜಿನಲ್ಲಿ ನನಗೆ ಬೇಕಾಗಿದ್ದುದನ್ನೇ ಬಿಡಬೇಕಾಯಿತು.

ಹಾಗೆ ಬೇಗ ಬಂದ ಒಂದು ಬುಧವಾರ. ಐದೂ ಆಗಿರಲಿಲ್ಲ. ಅಜ್ಜಿ ಜಗಲಿಯ ಮೂಲೆಯಲ್ಲಿ ಅಂಗೈ ಬಿಚ್ಚಿ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಮೆಟ್ಟಿಲ ಬಳಿ ನಿಂತು ಅವರನ್ನೇ ನೋಡಿದೆ. ಅವರು ಕೈಯನ್ನು ಬೀದಿಯ ಕಡೆಗೆ ಓರೆ ಮಾಡಿದರು. ಮುಖದ ಹತ್ತಿರಕ್ಕೆ ತಂದರು. ಸೆರಗಿನಿಂದ ಅಂಗೈಯನ್ನು ಒರೆಸಿದರು, ಅಲ್ಲೇನೋ ಮೆತ್ತಿಕೊಂಡಿದೆ ಎಂಬ ಹಾಗೆ. ಮತ್ತೆ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಕಡೆಗೇ ಮುಖ ಮಾಡಿ ಕೇಳಿದರು:

"ಯಾರದು ನಿಂತಿರೋದು?"

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ.

"ನಾನೇ ಅಜ್ಜಿ" ಎಂದೆ. ಒಳಗೆ ಹೋಗಿ ಕೈಕಾಲು ತೊಳೆಯುವಾಗ, ಸಿಗ್ನಲ್ ಹಸಿರಿದ್ದೂ ನಿಂತ ರೈಲು ನೆನಪಾಯಿತು. ಹೊತ್ತು ಮುಳುಗಿದರೆ ಗೆರೆ ಕಾಣುವುದಿಲ್ಲ. ಗೆರೆ ಕಾಣುತ್ತಿಲ್ಲ. ಆದ್ದರಿಂದ ಹೊತ್ತು ಮುಳುಗಿದೆ. ಅಜ್ಜಿ ವರ್ಷಗಟ್ಟಲೆ ಹೀಗೆ ಹೇಳಿಕೊಂಡು ಬಂದಿದ್ದರು, ಅದು ಸರಿಯಾಗಿಯೇ ನಡೆದಿತ್ತು, ಯಾಕೆಂದರೆ ಇನ್ನೊಂದು ಕಾರಣ ಆಗ ಇರಲಿಲ್ಲ. ಅಮ್ಮನೂ ಅದೇ ಹಳಿಯ ಮೇಲೆ ಇದ್ದಳು: ವ್ರತ ಬಿಗಿಯಾದರೆ ಬೇಗ ಮಡಚುತ್ತಾರೆ, ಬೇಗ ಮಡಚಿದರು, ಆದ್ದರಿಂದ ವ್ರತ. ಹಳಿಯ ಮೇಲೆ ಮಲಗಿದ್ದ ಎಮ್ಮೆಯನ್ನು ಯಾರೂ ನೋಡಿರಲಿಲ್ಲ.

ಮಾರನೆಯ ದಿನ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕು, "ಯಾಕಮ್ಮ, ತರಗತಿಗೆ ಕಾಣ್ತಾ ಇಲ್ಲ? ಹುಷಾರಿಲ್ವಾ?" ಎಂದರು. ಬಸ್ಸಿನ ತೊಂದರೆ ಎಂದೆ. ಮನೆಯ ವಿಷಯ ಹೊರಗೆ ಹೇಳಿ ಅಭ್ಯಾಸವಿರಲಿಲ್ಲ. ಬದಲಿಗೆ ಪಾಠದ ಅನುಮಾನವೆಂಬಂತೆ ಕೇಳಿದೆ, "ಸರ್, ಒಂದು ವಾದದಲ್ಲಿ ದೋಷ ಇದೆ ಅಂತ ಗೊತ್ತಾದರೆ, ಅದರ ತೀರ್ಮಾನ ಸುಳ್ಳು ಅಂತ ಹೇಳಬಹುದಾ?"

ಅವರು ಸೀಮೆಸುಣ್ಣದ ಪೊಟ್ಟಣವನ್ನು ಜೇಬಿಗೆ ಸೇರಿಸುತ್ತಾ ಹೇಳಿದರು, "ಆಗಲ್ಲ. ರೈಲು ನಿಂತಿದೆ, ಅಷ್ಟರಿಂದಲೇ ಸಿಗ್ನಲ್ ಕೆಂಪು ಅನ್ನೋ ಹಾಗಿಲ್ಲ. ಆದರೆ ಕೆಂಪು ಇರಲೂಬಹುದು. ಈ ದಾರೀಲಿ ಆ ಊರಿಗೆ ಹೋಗೋಕಾಗಲ್ಲ ಅಂತ ಮಾತ್ರ ತರ್ಕ ಹೇಳುತ್ತೆ. ಊರು ಇದೆಯೋ ಇಲ್ಲವೋ ನೀನೇ ಹೋಗಿ ನೋಡಬೇಕು."

ಹೋಗಿ ನೋಡಲು ನನಗೆ ಭಾನುವಾರದವರೆಗೆ ಪುರುಸೊತ್ತಾಗಲಿಲ್ಲ ಎಂದು ಅಂದುಕೊಂಡೆ. ನಿಜವೆಂದರೆ ಧೈರ್ಯವಾಗಲಿಲ್ಲ. ಅಪ್ಪನಿಗೆ ಹೇಳಿದರೆ, ಕಾಲೇಜು ಉಳಿಸಿಕೊಳ್ಳಲು ಅಜ್ಜಿಯ ಕಣ್ಣನ್ನು ದೂರಿದಳು ಅನ್ನಿಸೀತು. ಅಜ್ಜಿಗೆ ಹೇಳಿದರೆ, ಇಷ್ಟು ವರ್ಷ ಮನೆಗೆಲ್ಲ ಹೊತ್ತು ಹೇಳುತ್ತಿದ್ದವರಿಗೆ ಏನು ಉಳಿಯುತ್ತದೆ? ಶುಕ್ರವಾರವೂ ಮೂರರ ಬಸ್ಸಿಗೇ ಬಂದೆ. ಅಜ್ಜಿ ಅಷ್ಟರಲ್ಲೇ ಕೈ ಮಡಚಿ ಒಳಗೆ ಮಲಗಿದ್ದರು. ಅಪ್ಪ ಅಂಗಡಿಯಲ್ಲಿದ್ದರು. ಅಮ್ಮ ನನ್ನನ್ನೂ ಗಡಿಯಾರವನ್ನೂ ನೋಡಿ, "ಇವತ್ತು ನಿಮ್ಮಪ್ಪನಿಗೆ ಹೇಳಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಅಜ್ಜಿಯ ಜೊತೆ ಬಸದಿಗೆ ಹೋದೆ. ಅಲ್ಲಿಯ ಒಳಮಂಟಪದ ಕಂಬಗಳು ಕನ್ನಡಿಯಂತೆ ನುಣುಪು. ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ಕಂಬದ ಎದುರು ನಿಲ್ಲಿಸಿ, ಸೊಟ್ಟಗೆ ಉದ್ದವಾಗಿ ಕಾಣುವ ನನ್ನ ಮುಖ ತೋರಿಸಿ ನಗಿಸುತ್ತಿದ್ದರು. ಅಂದು ದರ್ಶನ ಮುಗಿಸಿ ಕೂತಾಗ ಬೇರೆ ಯಾರೂ ಇರಲಿಲ್ಲ. ಬಾಗಿಲಿನಿಂದ ಬಿಸಿಲು ಒಳಗೆ ಬಂದಿತ್ತು.

"ಅಜ್ಜಿ, ಕಂಬದಲ್ಲಿ ನಾನು ಹೇಗೆ ಕಾಣ್ತೀನಿ ನೋಡಿ."

ಅವರು ತಿರುಗಿ ನೋಡಿದರು. "ಎಲ್ಲಿ ಕಾಣುತ್ತೆ? ಬಂದೋರೆಲ್ಲ ಮುಟ್ಟಿ ಮುಟ್ಟಿ ಹೊಳಪೇ ಹೋಗ್ಬಿಟ್ಟಿದೆ."

ಕಂಬದಲ್ಲಿ ನಾವಿಬ್ಬರೂ ಇದ್ದೆವು. ಅಜ್ಜಿಯ ಬಿಳಿ ಸೆರಗು, ನನ್ನ ಜಡೆ, ಹಿಂದೆ ಬಾಗಿಲಿನ ಚೌಕ, ಎಲ್ಲ ಸ್ವಲ್ಪ ಬಾಗಿಕೊಂಡು.

"ಕಂಬ ಸವೆದಿಲ್ಲ ಅಜ್ಜಿ" ಎಂದೆ. "ಮಂಜೂ ಇಲ್ಲ. ಸಂಜೆ ನೀವು ಕೈ ಮಡಚಿದಾಗ ನನಗೆ ನನ್ನ ಗೆರೆ ಕಾಣ್ತಿರುತ್ತೆ."

ಅಜ್ಜಿ ಕೈಯನ್ನು ಮಡಿಲ ಮೇಲೆ ಬಿಚ್ಚಿಟ್ಟುಕೊಂಡರು. ಹಾಡುಹಗಲು. ಅದನ್ನು ಮುಖದ ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಬುಧವಾರದಿಂದ."

"ಇವತ್ತು ಭಾನುವಾರ" ಎಂದರು. "ನಾಲ್ಕು ದಿನದಿಂದ ಗೊತ್ತಿದ್ದೂ, ನಾನು ಬರೀ ಹೊಟ್ಟೇಲಿ ಮಲಗೋದನ್ನ ನೋಡ್ಕೊಂಡು ಸುಮ್ನಿದ್ಯಾ?"

ನಾನು ನಾಲ್ಕು ದಿನ ಅವರ ಮರ್ಯಾದೆಯ ಬಗ್ಗೆ ಯೋಚಿಸಿದ್ದೆ. ಅವರ ಹಸಿವಿನ ಬಗ್ಗೆ ಯೋಚಿಸಿರಲಿಲ್ಲ. ವ್ರತ ಹಿಡಿದವರಿಗೆ ಹಸಿವಾಗುವುದಿಲ್ಲ ಎಂದು ನಾನೂ ಬಸದಿಯ ಹೆಂಗಸರ ಹಾಗೆ ಅಂದುಕೊಂಡಿದ್ದೆನೇನೋ.

"ಅವರೆಲ್ಲ ನನ್ನ ವ್ರತ ಹೆಚ್ಚಾಯ್ತು ಅಂತಾರಲ್ಲ, ನನಗೂ ಹಾಗೇ ಅನ್ನಿಸೋದು" ಎಂದು ಅಜ್ಜಿ ಸ್ವಲ್ಪ ನಕ್ಕರು. ಆಮೇಲೆ, "ಆದ್ರೂ ಒಂದು ಮಾತು ಹೇಳು. ಗೆರೆ ಕಾಣದ ಕಣ್ಣಿಗೆ ಅನ್ನದಲ್ಲಿರೋ ಹುಳ ಕಾಣುತ್ತಾ? ಕಾಣಲ್ಲ. ಅಂದ ಮೇಲೆ ಹೊತ್ತು ಎಲ್ಲಿದ್ರೇನು, ನಾನು ಉಣ್ಣಬಾರದು ಅನ್ನೋದು ಸರಿಯೇ ಅಲ್ವಾ?"

ಇದು ನಾನು ಯೋಚಿಸಿರದ ವಾದ. ಅದರಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಹೇಳಿದೆ, "ಹಾಗಾದ್ರೆ ನೀವು ಮಧ್ಯಾಹ್ನವೂ ಉಣ್ಣಬಾರದು ಅಜ್ಜಿ."

ಅಜ್ಜಿ ನನ್ನ ಕಡೆ ತಿರುಗಿದರು. ಗದರುತ್ತಾರೆಂದುಕೊಂಡೆ.

"ನಿನ್ನ ಓದೋಕೆ ಕಳಿಸಿದ್ದು ತಪ್ಪಾಯ್ತು ಕಣೇ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏಳಲು ನನ್ನ ಭುಜ ಹಿಡಿದರು. "ನಾಳೆ ನಿನ್ನ ಪಾಠ ಮುಗಿಸ್ಕೊಂಡು ಯಾವಾಗ್ಲೂ ಬರೋ ಬಸ್ಸಿಗೇ ಬಾ."

ಸೋಮವಾರ ಕೊನೆಯ ಪಿರಿಯಡ್‌ನಲ್ಲಿ ಕೂತೆ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಬಸ್ಸಿನಿಂದಿಳಿದು ಮನೆಯ ಬಳಿ ಬಂದಾಗ ಅಪ್ಪ ಅಂಗಡಿ ಬಿಟ್ಟು ಬಂದು ಜಗಲಿಯ ಮೇಲೆ ನಿಂತಿದ್ದರು. ಅಜ್ಜಿಯೇ ಹೇಳಿಕಳಿಸಿದ್ದರಂತೆ. ಅಮ್ಮ ಹೊಸಿಲಲ್ಲಿದ್ದಳು. ಅಜ್ಜಿಯ ಬಲಗೈ ಸೆರಗಿನೊಳಗಿತ್ತು.

"ಹತ್ತಿರ ಬಾ. ನಿನ್ನ ಕೈ ಕೊಡು" ಎಂದರು. ನನ್ನ ಅಂಗೈಯನ್ನು ತಮ್ಮ ಮಡಿಲ ಮೇಲೆ ಬಿಚ್ಚಿಟ್ಟರು. "ಗೆರೆ ಕಾಣುತ್ತಾ?"

"ಕಾಣುತ್ತೆ."

"ಎಷ್ಟು?"

"ದೊಡ್ಡವು ಮೂರು. ಚಿಕ್ಕವು ಬಹಳ ಇವೆ."

"ಹಾಗಾದ್ರೆ ಹೊತ್ತಿದೆ. ಊಟಕ್ಕೆ ಹಾಕು" ಎಂದು ಅಮ್ಮನಿಗೆ ಹೇಳಿದರು.

ಅಪ್ಪ, "ಇದೇನಮ್ಮ? ತಡವಾಗಿ ಬಂದೋಳನ್ನೇ ತಡವಾಯ್ತಾ ಅಂತ ಕೇಳೋದಾ?" ಎಂದರು.

"ನನ್ನ ಕಣ್ಣಿಗೆ ಪೊರೆ ಬಂದಿದೆ ಕಣೋ. ಇಷ್ಟು ದಿನ ಕಾಣದೆ ಇರೋಳು ಹೊತ್ತು ಹೇಳಿದ್ಲು, ನೀನು ಒಪ್ಕೊಂಡೆ. ಈಗ ಕಾಣೋಳು ಹೇಳ್ತಿದ್ದಾಳೆ, ಒಪ್ಪಲ್ವಾ?"

ಅಪ್ಪ ನಿಂತಲ್ಲೇ ತಮ್ಮ ಅಂಗೈಯನ್ನು ಬಿಚ್ಚಿ ನೋಡಿಕೊಂಡರು. ಬೆಲ್ಲದ ಜಿಗುಟಿನಲ್ಲಿ ಧೂಳು ಕೂತು ಅವರ ಗೆರೆಗಳು ನನ್ನವಕ್ಕಿಂತ ಕಪ್ಪಾಗಿ ಎದ್ದು ಕಾಣುತ್ತಿದ್ದವು. ತಾಯಿಯ ಹತ್ತಿರ ಹೋಗಿ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣುಗಳನ್ನು ನೋಡಿದರು. "ಅಮ್ಮ, ಒಂದು ಮಾತು ಹೇಳಬಾರದಾ" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಇವಳ ಪರೀಕ್ಷೆ ಮುಗಿಯಲಿ, ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸೋಣ ಎಂದು ಮಾರನೆಯ ದಿನ ಅಮ್ಮನ ಬಳಿ ಹೇಳಿದರಂತೆ.

ಆ ಸಂಜೆಯಿಂದ ಅಜ್ಜಿಯ ತಟ್ಟೆಯನ್ನು ಮೊದಲು ನಾನು ನೋಡುತ್ತಿದ್ದೆ. ಅನ್ನವನ್ನು ಬೆರಳಿನಿಂದ ಹರಡಿ, ಸಾರನ್ನು ಬಟ್ಟಲಲ್ಲಿ ಅಲ್ಲಾಡಿಸಿ, "ಏನಿಲ್ಲ ಅಜ್ಜಿ" ಎಂದ ಮೇಲೆ ಅವರು ತುತ್ತು ಎತ್ತುತ್ತಿದ್ದರು. ಮಧ್ಯಾಹ್ನ ಅಮ್ಮ ನೋಡುತ್ತಿದ್ದಳು. ಹೊತ್ತು ಹೇಳುವ ಕೆಲಸ ಹೀಗೆ ಯಾರೂ ಘೋಷಿಸದೆ ನನ್ನ ಕೈಗೆ ಬಂತು. ಅಪ್ಪನ ಷರತ್ತನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ಅಂಗೈ ಬದಲಾಗಿತ್ತು, ಅಷ್ಟೇ. ನಾನು ಬಂದಾಗ ನನ್ನ ಅಂಗೈ ಮಡಚುವಂತಾದರೆ ನನ್ನ ಕಾಲೇಜಿಲ್ಲ. ಮತ್ತು ಅದನ್ನು ಹೇಳಬೇಕಾದವಳು ನಾನೇ. ಮೊದಲಿಗಿಂತ ಇದು ಕಷ್ಟ ಎಂದು ಕೆಲವು ದಿನಗಳಲ್ಲೇ ತಿಳಿಯಿತು. ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅಜ್ಜಿ ಉಣ್ಣಬಾರದ ಹೊತ್ತಿನಲ್ಲಿ ಉಣ್ಣುತ್ತಾರೆ.

ಪರೀಕ್ಷೆಗೆ ಮೂರು ವಾರವಿದ್ದಾಗ ಜಾವಗಲ್ ಬಿಟ್ಟು ಸ್ವಲ್ಪ ದೂರ ಬಂದು ಬಸ್ಸಿನ ಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಕಂಡಕ್ಟರು ಅದನ್ನು ಉರುಳಿಸಿಕೊಂಡು ಜಾವಗಲ್ಲಿಗೆ ಹೋದ. ಹೋಗುವ ಮುಂಚೆ ನನ್ನ ಕಿಟಕಿಯ ಬಳಿ ನಿಂತು, "ಇವತ್ತು ಡ್ರೈವರಣ್ಣ ಟೀ ಕುಡ್ದಿಲ್ಲ ಕಣ್ರವ್ವ, ಅವನನ್ನ ಬಯ್ಬ್ಯಾಡಿ" ಎಂದ. ನಾನು ನಗಲಾರದೆ ಹೋದೆ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಪಡುವಣ ದಿಕ್ಕನ್ನು ನೋಡುತ್ತಿದ್ದೆ. ಸೂರ್ಯ ತನ್ನ ಪಾಡಿಗೆ ಇಳಿಯುತ್ತಿದ್ದ.

ಹಳೇಬೀಡಿನಲ್ಲಿ ಇಳಿದು ಓಡಿದೆ. ಅಜ್ಜಿ ಜಗಲಿಯಲ್ಲೇ ಇದ್ದರು. ಊಟ ಮಾಡಿರಲಿಲ್ಲ; ತಟ್ಟೆ ನೋಡಲು ಅಮ್ಮ ಇದ್ದಳು, ಆದರೂ ನನಗಾಗಿ ಕಾದಿದ್ದರು. ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದರು.

"ಬಂದ್ಯಾ?" ಎಂದು ಅಜ್ಜಿ ಕೈ ಚಾಚಿದರು. ನಾನು ಅಂಗೈ ಕೊಟ್ಟೆ. "ಗೆರೆ ಕಾಣುತ್ತಾ?"

ನೋಡಿದೆ. ಕೈ ಕಾಣುತ್ತಿತ್ತು. ಬೆರಳುಗಳು ಕಾಣುತ್ತಿದ್ದವು. ಗೆರೆಗಳು ಎಲ್ಲಿರುತ್ತವೆಂದು ನನಗೆ ಚೆನ್ನಾಗಿ ಗೊತ್ತಿದ್ದುದರಿಂದ ಒಂದು ಕ್ಷಣ ಅವೂ ಕಂಡ ಹಾಗಾಯಿತು. ಮತ್ತೊಮ್ಮೆ ನೋಡಿದೆ.

"ಇಲ್ಲ ಅಜ್ಜಿ. ಕಾಣ್ತಿಲ್ಲ."

ಅಪ್ಪನ ಮುಖ ನೋಡಲಿಲ್ಲ. ಅಜ್ಜಿ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಆಯ್ತು ಬಿಡು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ತಿನ್ನೋಣ" ಎಂದರು. ಅಪ್ಪ ಒಳಗೆ ಹೋದರು. ನಾನು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ದಾರ ಸುತ್ತಿ ಕಟ್ಟಿ ಕಪಾಟಿನಲ್ಲಿಟ್ಟೆ. ಮೂರನೆಯ ಸಲ ಮಾತಾಡುವುದಿಲ್ಲ ಎಂದಿದ್ದರಲ್ಲ, ಮಾತಾಡಲಿಲ್ಲ.

ಬೆಳಿಗ್ಗೆ ಅಜ್ಜಿಯ ಜೊತೆ ಕೂತು ಉಪ್ಪಿಟ್ಟು ತಿಂದೆ. ತಟ್ಟೆ ತೊಳೆದು ಬಂದಾಗ ಬಾಗಿಲ ಬಳಿ, ದಿನಾ ಇರುವ ಜಾಗದಲ್ಲಿ, ನನ್ನ ಊಟದ ಡಬ್ಬಿ ಇತ್ತು. ಅದರ ಪಕ್ಕದಲ್ಲಿ ಪುಸ್ತಕಗಳು. ದಾರ ಬಿಚ್ಚಿತ್ತು. ಅಪ್ಪ ಆಗಲೇ ಅಂಗಡಿಗೆ ಹೋಗಿದ್ದರು.

"ಬಸ್ಸಿಗೆ ಹೊತ್ತಾಗಲ್ವಾ?" ಎಂದು ಅಮ್ಮ ಅಡಿಗೆಮನೆಯಿಂದ ಕೂಗಿದಳು.

"ಅಮ್ಮ, ಪುಸ್ತಕ..."

"ನಂಗೊತ್ತಿಲ್ಲ. ನಾನು ಡಬ್ಬಿ ತುಂಬಿದ್ದು ಅಷ್ಟೇ. ಹೋಗು, ಹೋಗು."

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ತರ್ಕಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಬರೆದೆ: ಅಪ್ಪನ ಷರತ್ತು ಇನ್ನೂ ಇದ್ದರೆ, ನಿನ್ನೆ ತಡವಾಗಿ ಬಂದ ನಾನು ಇವತ್ತು ಈ ಬಸ್ಸಿನಲ್ಲಿ ಇರುವುದಿಲ್ಲ. ನಾನು ಈ ಬಸ್ಸಿನಲ್ಲಿ ಇದ್ದೇನೆ. ಆದ್ದರಿಂದ ಅಪ್ಪನ ಷರತ್ತು ಇಲ್ಲ. ಎರಡು ಸಲ ಓದಿ ನೋಡಿದೆ. ಇದು ಮೇಷ್ಟ್ರು ಒಪ್ಪುವ ದಾರಿಯೇ ಆಗಿತ್ತು; ನಡುವೆ ಎಮ್ಮೆ ಮಲಗಲು ಜಾಗವಿರಲಿಲ್ಲ.

ಬಾಣಾವರದಲ್ಲಿ ಹತ್ತಿದ ನನ್ನ ತರಗತಿಯ ಹುಡುಗಿ ಪಕ್ಕದಲ್ಲಿ ಕೂತು ಹಾಳೆಯ ಕಡೆ ಇಣುಕಿದಳು. "ಏನೇ ಅದು, ಬೆಳಿಗ್ಗೆ ಬೆಳಿಗ್ಗೆ?"

"ಏನಿಲ್ಲ, ಲಾಜಿಕ್" ಎಂದು ನೋಟ್‌ಬುಕ್ ಮುಚ್ಚಿದೆ.